ಸಂಜೆಗೆ ಒಂದು ಅಂಕಣ ಉಳಿಸಿ ಹೋಗಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗೌಂಡಿಗಳಿಗೆ, ಬಡಿಗೇರರಿಗೆ, ಪರಸಿ ಹಾಸುವವರಿಗೆ, ನಳದವರಿಗೆ, ಕರೆಂಟಿನವರಿಗೆ, ಬಣ್ಣದವರಿಗೆ, ಅವರ ಜೊತೆ ಬುಟ್ಟಿ ಹೊರುವ ಅಕ್ಕ-ತಂಗಿಯರಿಗೆ,



ಮನೆ ಕೆಲಸದಲ್ಲಿ ಎರಡು ಬಗೆ ನಿಮಗೆ ಚೆನ್ನಾಗಿ ಗೊತ್ತು. ಒಂದು, ಖಾಲಿ ಜಾಗದಲ್ಲಿ ಬುನಾದಿ ತೋಡಿ ಹೊಸ ಮನೆ ಎಬ್ಬಿಸುವುದು. ಇನ್ನೊಂದು, ಮನೆಯವರು ಬೀಗರ ಮನೆಗೋ ಬಾಡಿಗೆ ಮನೆಗೋ ಸಾಮಾನು ಸಾಗಿಸಿ ಕೀಲಿ ಕೈಗೆ ಕೊಟ್ಟ ಮೇಲೆ ಹಳೆಯದನ್ನು ಒಡೆದು ಕಟ್ಟುವುದು. ಮೂರನೆಯ ಬಗೆಯೊಂದಿದೆ. ಆ ಮನೆಯಲ್ಲಿ ಇರುವವರು ಒಬ್ಬರೇ. ಗಂಡ ತೀರಿಕೊಂಡ ತಾಯಿ, ನಿವೃತ್ತಿಯಾದ ಶಿಕ್ಷಕಿ, ಮಕ್ಕಳು ಬೆಂಗಳೂರು ಪುಣೆ ಸೇರಿದ ಮೇಲೆ ಉಳಿದ ತಂದೆ, ವರ್ಗವಾಗಿ ಬಂದು ಹಳೆ ಮನೆ ಕೊಂಡ ಒಂಟಿ ನೌಕರ. ರಿಪೇರಿ ನಡೆಯುವಾಗ ಅವರು ಮನೆ ಬಿಡುವುದಿಲ್ಲ. ಹೋಗಲು ಜಾಗವಿರುವುದಿಲ್ಲ, ಇದ್ದರೂ ಮನೆಯಲ್ಲಿ ಎಮ್ಮೆ ಇರುತ್ತದೆ, ಎಮ್ಮೆಯೂ ಇಲ್ಲದಿದ್ದರೆ ಸ್ವಂತ ಮನೆ ಬಿಟ್ಟು ಬೇರೆಯವರ ಪಡಸಾಲೆಯಲ್ಲಿ ಮಲಗಲು ಮನಸ್ಸಿರುವುದಿಲ್ಲ.

ಈ ಪತ್ರ ಆ ಮೂರನೆಯ ಬಗೆಯ ಕೆಲಸದ ಬಗ್ಗೆ.

ಇಂಥವರು ಎಲ್ಲೋ ಒಬ್ಬರು ಎಂದು ತಿಳಿಯಬೇಡಿ. ದೇಶದ ಹಿರಿಯರ ಬದುಕಿನ ಕುರಿತು 2017–18ರಲ್ಲಿ ನಡೆದ ಲಾಸಿ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ ಸುಮಾರು 6 ಜನ ಒಂಟಿಯಾಗಿ ಬದುಕುತ್ತಾರೆ. ಗುಳೆ ಹೋಗುವ ನಾಡಿನಲ್ಲಿ ಈ ಲೆಕ್ಕ ನಿಮಗೆ ಅಂಕಿಯಲ್ಲಿ ಬೇಕಾಗಿಲ್ಲ, ಓಣಿಯಲ್ಲಿ ನಡೆದರೆ ಸಾಕು. ಮಂಗಳೂರು, ಗೋವಾ, ಬೆಂಗಳೂರುಗಳ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆಗೆ ಗಿಲಾವು ಬಳಿದ ಕೈಗಳು ಈ ನಾಲ್ಕು ಊರಿನ ಸುತ್ತಮುತ್ತಲಿನವು. ನಿಮ್ಮಲ್ಲೇ ಹಲವರ ಅವ್ವ ಅಪ್ಪ ಊರಿನಲ್ಲಿ ಒಂಟಿಯಾಗಿದ್ದಾರೆ.

ಈ ಪತ್ರ ನಿಮ್ಮ ಕೈಕೆಲಸದ ಮೇಲಿನ ದೂರಲ್ಲ. ಇಟಗಿಯ ಮಹಾದೇವ ದೇವಾಲಯ 1112ರದು. ಅದರ ಕಂಬಗಳ ಎದುರು ನಿಂತವರು ಈ ಸೀಮೆಯ ಕೈಗೆ ಕೆಲಸ ಬಾರದು ಎನ್ನಲಾರರು. ತಪ್ಪುತ್ತಿರುವುದು ಕೆಲಸದ ಸರದಿ. ಅದನ್ನು ನೀವು ಗೋಡೆ ನೋಡಿ ಗೊತ್ತು ಮಾಡುತ್ತೀರಿ. ಒಬ್ಬರೇ ಇರುವ ಮನೆಯಲ್ಲಿ ಅದನ್ನು ರಾತ್ರಿ ಅಲ್ಲಿ ಮಲಗುವವರನ್ನು ನೋಡಿ ಗೊತ್ತು ಮಾಡಬೇಕು.

ಮೊದಲ ದಿನ ಸಾಮಾನ್ಯವಾಗಿ ಆಗುವುದನ್ನೇ ನೋಡಿ. “ನಾಳಿ ಮುಂಜಾನಿ ಏಳಕ್ಕ ಬರ್ತೀವ್ರೀ ಯವ್ವಾ” ಎಂದವರು ಒಂಬತ್ತಕ್ಕೆ ಬರುತ್ತಾರೆ, ಅದಿರಲಿ. ಒಡೆಯುವ ಕೆಲಸಕ್ಕೆ ಬೇಕಾದದ್ದು ಹಾರೆ, ಸುತ್ತಿಗೆ, ಕೂಲಿಯಾಳು. ಎಲ್ಲವನ್ನೂ ಒಂದೇ ದಿನ ಒಡೆದರೆ ಕೂಲಿ ಉಳಿಯುತ್ತದೆ, ಟ್ರ್ಯಾಕ್ಟರ್ ಒಂದೇ ಸಲಕ್ಕೆ ಮಣ್ಣು ಹೊತ್ತು ಹೋಗುತ್ತದೆ. ಹೀಗಾಗಿ ಮಧ್ಯಾಹ್ನದೊಳಗೆ ಬಚ್ಚಲ ಹೋಗುತ್ತದೆ, ಅಡಿಗೆಮನೆಯ ಕಟ್ಟೆ ಹೋಗುತ್ತದೆ, ಹಿತ್ತಲ ಬಾಗಿಲು ಚೌಕಟ್ಟಿನ ಸಮೇತ ಗೋಡೆಗೆ ಒರಗಿ ನಿಲ್ಲುತ್ತದೆ, ನಡುಮನೆಯ ನೆಲ ಎದ್ದಿರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಭರ್ತಿ ಕೆಲಸದ ದಿನ. ಸಂಜೆ ಕರಣಿ ತೊಳೆದು, ಕೈಕಾಲು ತೊಳೆದು ನೀವು ಹೊರಡುತ್ತೀರಿ. ಮನೆಯವರಿಗೆ ನೀರು ಕಾಯಿಸಲು ಒಲೆ ಇಲ್ಲ, ಹೋಗಲು ಶೌಚಾಲಯವಿಲ್ಲ, ಹಾಕಲು ಚಿಲಕವಿಲ್ಲ. ಮರುದಿನ ಗ್ರಾನೈಟ್ ಬರಲಿಲ್ಲವೆಂದು, ಅದರ ಮರುದಿನ ಸಂತೆಯೆಂದು ಕೆಲಸ ನಿಂತಿತೆಂದರೆ ಆ ಒಂದು ರಾತ್ರಿ ವಾರವಾಗುತ್ತದೆ.

ನಿಮ್ಮ ಅಜ್ಜಂದಿರು ಕಟ್ಟಿದ ಮನೆಯಲ್ಲಿ ಇದಕ್ಕೆ ದಾರಿಯಿತ್ತು. ಯಲಬುರ್ಗಾ, ಕುಕನೂರು ಕಡೆಯ ಎರೆ ನೆಲದ ಊರುಗಳಲ್ಲಿ ಹಳೆಯ ಮಾಳಿಗೆ ಮನೆಗಳು ಇನ್ನೂ ನಿಂತಿವೆ. ಎರಡಡಿ ದಪ್ಪದ ಗೋಡೆ, ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಾಸು, ಮೇಲೆ ಮಣ್ಣು. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನವೂ ಒಳಗೆ ಸೆಕೆ ಕಡಿಮೆ. ಮೇಲಿನ ಪದರಕ್ಕೆ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಹೊಲಕ್ಕೆ ಶಾಪವಾದ ಆ ಉಪ್ಪು ಮಣ್ಣು ಮಳೆ ಬಿದ್ದಾಗ ನುಣ್ಣಗೆ ಕದಡಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ, ಕುಂಬಿ ಸರಿ ಮಾಡಿ, ನೀರು ಹೋಗುವ ದೋಣಿ ಬಿಡಿಸಬೇಕು. ಮುಯ್ಯಾಳು ಬರುತ್ತಿದ್ದರು, ಮನೆಮಂದಿಯೆಲ್ಲ ಕೈ ಹಾಕುತ್ತಿದ್ದರು. ದೊಡ್ಡ ರಿಪೇರಿ ಬಂದರೆ ಕಂಬ ಕಂಬಗಳ ನಡುವಿನ ಒಂದು ಅಂಕಣ ಬಿಚ್ಚುತ್ತಿದ್ದರು, ಮನೆಯವರು ಪಕ್ಕದ ಅಂಕಣಕ್ಕೆ ಸರಿಯುತ್ತಿದ್ದರು, ದನ ಹೊರಗೆ ಕಟ್ಟುತ್ತಿದ್ದರು.

ಮನೆಯನ್ನು ಅಂಕಣದಲ್ಲಿ ಅಳೆಯುವ ಈ ಲೆಕ್ಕ ನಿಮಗೆ ಬರುತ್ತದೆ. ಈಗ ಅಡಿ ಲೆಕ್ಕದ ಗುತ್ತಿಗೆ ಬಂದು ಅದನ್ನು ಬದಿಗೆ ಸರಿಸಿದೆ. ಒಂಟಿಯಾಗಿರುವವರ ಮನೆಗೆ ಬಂದಾಗ ದಯವಿಟ್ಟು ಆ ಹಳೆಯ ಲೆಕ್ಕವನ್ನು ಮತ್ತೆ ತೆಗೆಯಿರಿ. ಒಂದು ಅಂಕಣ ಬಿಚ್ಚಿ, ಮುಗಿಸಿ, ಬಾಗಿಲು ಕೂಡಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಯಾವ ಸಂಜೆಯಾದರೂ ನೀವು ಹೊರಡುವಾಗ ಆ ಮನೆಯಲ್ಲಿ ಒಳಗಿನಿಂದ ಚಿಲಕ ಬೀಳುವ ಒಂದು ಕೋಣೆ, ನೀರು ಬರುವ ಒಂದು ನಳ, ಬಾಗಿಲಿರುವ ಒಂದು ಶೌಚಾಲಯ, ಒಂದು ದೀಪ, ಒಂದು ಫ್ಯಾನು ಇರಲೇಬೇಕು.

ಇದರಲ್ಲಿ ಕರುಣೆಯ ಮಾತಷ್ಟೇ ಇಲ್ಲ, ಕಟ್ಟಡದ ಭದ್ರತೆಯೂ ಇದೆ. ಮಣ್ಣಿನ ಗೋಡೆಗಳನ್ನು ಹಿಡಿದು ನಿಲ್ಲಿಸಿರುವುದು ಮೇಲಿನ ಭಾರ, ತೊಲೆ, ಜಂತಿ. ಎಲ್ಲವನ್ನೂ ಒಮ್ಮೆಲೇ ಇಳಿಸಿದರೆ ಗೋಡೆ ಅನಾಥ. ಅದರ ಮೇಲೆ ಒಂದು ಅಡ್ಡಮಳೆ ಹೊಡೆದರೆ ಬುಡ ಮೆತ್ತಗಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ಮಾಳಿಗೆ ಇದ್ದ ಮನೆಗಳೇ ಸಾಲುಸಾಲಾಗಿ ಕುಸಿದವು, ಸರ್ಕಾರ ‘ಆಸರೆ’ ಹೆಸರಿನಲ್ಲಿ ಊರಿಗೆ ಊರನ್ನೇ ಬೇರೆಡೆ ಕಟ್ಟಬೇಕಾಯಿತು. ಮಾಳಿಗೆ ಇಳಿಸಿದ ಮನೆಯ ಪಾಡು ಕೇಳಬೇಕೆ? ಎರೆ ನೆಲವಂತೂ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಯಲ್ಲಿ ಉಬ್ಬುತ್ತದೆ, ಬುನಾದಿಯನ್ನು ವರ್ಷಕ್ಕೊಮ್ಮೆ ಮೇಲಕ್ಕೆತ್ತಿ ಕೆಳಗಿಳಿಸುತ್ತದೆ. ಯಲಬುರ್ಗಾ ಕಡೆ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ ಬಂದವರು ಮರುವರ್ಷ ಅದೇ ಬಿರುಕು ನೋಡುವುದು ಇದಕ್ಕೇ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವಿನ ವಿಷಯ ಬಂತು, ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ಗೋಡೆ ತೇವ ಹೀರುತ್ತದೆ, ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಕೆಲವೇ ವರ್ಷಕ್ಕೆ ಗಿಲಾವು ಹಾಳೆಹಾಳೆಯಾಗಿ ಕಳಚುತ್ತದೆ. ಕಾಲುವೆ ನೀರಾವರಿಯ ಗಂಗಾವತಿ ಕಡೆ, ನೆಲದ ತೇವ ಗೋಡೆ ಹತ್ತಿ ಉಪ್ಪು ಬಿಡುವ ಮನೆಗಳಲ್ಲಿ, ಇದು ಇನ್ನೂ ಬೇಗ. ಸುಣ್ಣ ಮತ್ತು ಉಸುಕಿನ ಗಾರೆ ಆ ಗೋಡೆಗೆ ಹೊಂದುತ್ತದೆ. ಆನೆಗೊಂದಿಯಲ್ಲಿ ಶಮಾ ಪವಾರ್ 1997ರಲ್ಲಿ ಕಟ್ಟಿದ ಕಿಷ್ಕಿಂದ ಟ್ರಸ್ಟ್ ಹಳೆಯ ಮನೆಗಳನ್ನು ಮಣ್ಣು, ಕಲ್ಲು, ಮರದ ಹದದಲ್ಲೇ ಸರಿಪಡಿಸಿ ಜನ ಬಂದು ಉಳಿಯುವಂತೆ ಮಾಡಿದೆ, ಒಮ್ಮೆ ಹೋಗಿ ನೋಡಿ. ಅಲ್ಲಿ ಮನೆ ಮುಟ್ಟಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಬೇಕು. ಇಟಗಿಯ ಗುಡಿಯ ಸುತ್ತ 100 ಮೀಟರಿನೊಳಗೂ ಹಾಗೆಯೇ, ರಿಪೇರಿಗೂ ಪುರಾತತ್ವದವರ ಅನುಮತಿ ಬೇಕು. ಒಂಟಿ ಅಜ್ಜಿಗೆ ಈ ಕಾಗದದ ದಾರಿ ತಿಳಿದಿರುವುದಿಲ್ಲ. ಅರ್ಧ ಒಡೆದ ಮೇಲೆ ನೋಟಿಸ್ ಬಂದರೆ ಕೆಲಸ ನಿಲ್ಲುವುದು ನಿಮ್ಮದು, ಅರ್ಧ ಮನೆಯಲ್ಲಿ ಉಳಿಯುವುದು ಅವರು.

“ಅಂಕಣ ಅಂಕಣ ಮಾಡಿದ್ರ ನಮಗ ಗಿಟ್ಟಂಗಿಲ್ರೀ” ಎನ್ನುತ್ತೀರಿ. ನಿಜ, ದಿನ ಹೆಚ್ಚು ಹಿಡಿಯುತ್ತದೆ, ಮಣ್ಣು ಹೊರುವ ಟ್ರ್ಯಾಕ್ಟರ್ ಮೂರು ಸಲ ಬರಬೇಕು. ಆ ಹೆಚ್ಚಿನ ಹಣವನ್ನು ಮೊದಲೇ ಹೇಳಿ, ಕೇಳಿ ತೆಗೆದುಕೊಳ್ಳಿ. ಕೊಡಲು ಮನಸ್ಸಿರುವವರು ಬಹಳ ಜನ ಇದ್ದಾರೆ, ಕೇಳುವವರೇ ಇಲ್ಲ. ಹೊಸ ಸ್ಲ್ಯಾಬ್ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಅದನ್ನು ತುಂಡುತುಂಡಾಗಿ ಹಾಕಿದರೆ ಕೂಡಿದಲ್ಲಿ ಸೋರುತ್ತದೆ. ಮಾಳಿಗೆ ಪೂರ್ತಿ ಇಳಿಸಿ ಆರ್‌ಸಿಸಿ ಹಾಕುವುದಾದರೆ ಆ ಮನೆಯಲ್ಲಿ ಯಾರೂ ಮಲಗಬಾರದು. ಕಾಂಕ್ರೀಟಿನ ಭಾರತೀಯ ಮಾನಕ 456ರ ಪ್ರಕಾರ ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳು ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲವಿದ್ದರೆ 14. ಅಷ್ಟು ದಿನ ಕಂಬಗಳ ಕಾಡಿನಲ್ಲಿ ಹಾಸಿಗೆ ಹಾಸುವುದು ಬೇಡ. ಈ ಮಾತನ್ನು ಮೊದಲ ದಿನವೇ ಮುಖಕ್ಕೆ ಹೇಳಬೇಕಾದವರು ನೀವು. ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ “ಅಲ್ಲೇ ಒಂದು ಮೂಲೆಯಲ್ಲಿ ಇರ್ತಾಳೆ ಬಿಡ್ರಿ” ಎನ್ನುವ ಮಗನಿಗೂ ಹೇಳಿ.

ರಿಪೇರಿಯ ಮನೆಯಲ್ಲಿ ಒಬ್ಬರನ್ನು ಬಿಟ್ಟು ತಾವು ದೂರ ಇರುವವರು ಹೊಸಬರೇನಲ್ಲ. 1852ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ದೊಡ್ಡ ಲೇಖಕ ಥಾಮಸ್ ಕಾರ್ಲೈಲರ ಮನೆಗೆ ರಿಪೇರಿ ಹತ್ತಿತು. ಸುತ್ತಿಗೆಯ ಸದ್ದು ತಾಳದ ಲೇಖಕರು ಸ್ಕಾಟ್ಲೆಂಡಿಗೆ ಹೋದರು, ಅಲ್ಲಿಂದ ಜರ್ಮನಿಗೆ. ಹೆಂಡತಿ ಜೇನ್ ಮನೆಯಲ್ಲೇ ಉಳಿದು ಗೌಂಡಿ, ಬಡಗಿ, ಬಣ್ಣದವರನ್ನೆಲ್ಲ ಸಂಭಾಳಿಸಿದರು, ನಡುನಡುವೆ ಗಂಡನಿಗೆ ಆ ಪಾಡನ್ನೆಲ್ಲ ಕಾಗದದಲ್ಲಿ ಬರೆದರು. ಆ ಕಾಗದಗಳು ಇವತ್ತಿಗೂ ಓದಿಸಿಕೊಳ್ಳುತ್ತವೆ. ಮರುವರ್ಷ ಲೇಖಕರು ಮನೆಯ ನೆತ್ತಿಯ ಮೇಲೆ ಹೊರಗಿನ ಸದ್ದು ಬಾರದಿರಲೆಂದು ಓದುಕೋಣೆಯೊಂದನ್ನು ಕಟ್ಟಿಸಿದರು. ಕಟ್ಟಿ ಮುಗಿದ ಮೇಲೂ ಸದ್ದು ಬರುತ್ತಲೇ ಇತ್ತು.

ಇನ್ನು ನೀರು ಹೊಡೆಯುವ ಮಾತು. ಕ್ಯೂರಿಂಗ್ ಎಂದು ನೀವೂ ಅನ್ನುತ್ತೀರಿ, ಮಾಲೀಕರೂ ಅನ್ನುತ್ತಾರೆ, ಆದರೆ ಅದು ಯಾರ ಗುತ್ತಿಗೆಯೊಳಗೂ ಬರುವುದಿಲ್ಲ. “ದಿನಾ ಎರಡ ಸಲ ನೀರ ಹೊಡಿಬೇಕ್ರಿ, ಇಲ್ಲಂದ್ರ ನಾವು ಜವಾಬ್ದಾರ ಅಲ್ಲ” ಎಂದು ಏಣಿಯನ್ನು ಗೋಡೆಗೆ ಒರಗಿಸಿ ಹೋಗುವುದು ಪದ್ಧತಿ. ಮನೆ ತುಂಬ ಜನವಿದ್ದಾಗ ಅದು ನಡೆಯುತ್ತಿತ್ತು, ಯಾರೋ ಒಬ್ಬ ಹುಡುಗ ಹತ್ತುತ್ತಿದ್ದ. ಈಗ ಹತ್ತಬೇಕಾದವರು ಮೊಣಕಾಲು ಸವೆದ ಒಬ್ಬರೇ. ಬಿದ್ದರೆ ನೋಡುವವರಿಲ್ಲ, ಕೂಗಿದರೆ ಮಾಳಿಗೆಯ ಮೇಲಿನ ಕೂಗು ಓಣಿಗೆ ಇಳಿಯುವುದಿಲ್ಲ. ಕಾಂಕ್ರೀಟಿನ ಅದೇ 456ರ ಮಾನಕ ಹೇಳುವುದು ಇಷ್ಟು: ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ತೇವ, ಬಿಸಿಲು ಒಣಹವೆಯಲ್ಲಿ 10 ದಿನ, ಹಾರುಬೂದಿ ಬೆರೆತ ಸಿಮೆಂಟಿಗೂ 10 ದಿನ, 14 ಆದರೆ ಇನ್ನೂ ಒಳ್ಳೆಯದು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪಿಪಿಸಿ ಚೀಲ ಹಾರುಬೂದಿ ಬೆರೆತದ್ದೇ. ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲಿನಲ್ಲಿ ಅರವತ್ತೈದರ ಜೀವ ಎರಡು ವಾರ, ದಿನಕ್ಕೆರಡು ಸಲ, ಕೊಡ ಹಿಡಿದು ಏಣಿ ಹತ್ತಬೇಕು ಎಂಬುದು ನಿಮ್ಮ ಒಂದು ಮಾತಿನ ಪೂರ್ತಿ ಅರ್ಥ.

ಇದಕ್ಕೆ ಉಪಾಯ ನಿಮ್ಮ ಹತ್ತಿರವೇ ಇದೆ. ಸ್ಲ್ಯಾಬಿನ ಮೇಲೆ ತೆಳುವಾದ ಗಾರೆಯಿಂದ ಚೌಕ ಚೌಕ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ದಿನಕ್ಕೊಮ್ಮೆ ನೋಡಿದರೆ ಸಾಕು. ಗೋಡೆಗೆ ಗೋಣಿತಟ್ಟು ಇಳಿಬಿಟ್ಟರೆ ತೇವ ನಿಲ್ಲುತ್ತದೆ. ಮೇಲಿನ ತೊಟ್ಟಿಯಿಂದ ಒಂದು ಪೈಪು ಎಳೆದು, ಕೆಳಗೆ ನಿಂತೇ ತಿರುಗಿಸುವ ವಾಲ್ವ್ ಹಾಕಿಕೊಟ್ಟರೆ ಏಣಿಯ ಮಾತೇ ಇಲ್ಲ. ಎಲ್ಲಕ್ಕಿಂತ ನೆಟ್ಟಗಿನದು, ನೀರು ಹೊಡೆಯುವುದನ್ನೂ ಗುತ್ತಿಗೆಯೊಳಗೆ ಸೇರಿಸಿ ಅದಕ್ಕೊಂದು ಕೂಲಿ ಕಟ್ಟುವುದು. ಬುಟ್ಟಿ ಹೊರುವ ಅಕ್ಕನಿಗೆ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸಿನ ಪಗಾರ. ನೀರಿನದೂ ಒಂದು ಲೆಕ್ಕವಿದೆ. ಕುಷ್ಟಗಿ, ಯಲಬುರ್ಗಾದ ಎಷ್ಟೋ ಊರುಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುಡಿಯಲು ಜನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ. ಕೆಲಸದವರ ಬಾಯಾರಿಕೆಗೆ ಆ ಕ್ಯಾನ್ ಖಾಲಿಯಾದರೆ ಮತ್ತೊಂದು ಹೊತ್ತು ತರುವವರು ಯಾರು ಎಂದು ಒಮ್ಮೆ ಯೋಚಿಸಿ. ಬೈಕಿನಲ್ಲಿ ಬರುವವರು ಬರುತ್ತಲೇ ಒಂದು ಕ್ಯಾನ್ ತಂದರೆ ದೊಡ್ಡ ಉಪಕಾರ.

ಧೂಳು ಎಲ್ಲರ ಶತ್ರು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಕುಷ್ಟಗಿಯ ಗಣಿಗಳೂ ಹೆಸರಾಗಿವೆ, ಆ ಕಲ್ಲನ್ನು ಅಡಿಗೆಮನೆಯ ಕಟ್ಟೆಗೆ ಕತ್ತರಿಸುವುದು ಹೆಚ್ಚಾಗಿ ಮನೆಯೊಳಗೇ, ಒಣ ಮೆಷಿನ್ನಿನಲ್ಲಿ. ಗ್ರಾನೈಟಿನಲ್ಲಿ ನಾಲ್ಕನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದ ಅದರ ನುಣ್ಣನೆಯ ಪುಡಿ ಶ್ವಾಸಕೋಶದೊಳಗೆ ಕುಳಿತರೆ ಸಿಲಿಕೋಸಿಸ್, ಅದಕ್ಕೆ ವಾಸಿ ಎಂಬುದಿಲ್ಲ. ಕತ್ತರಿಸುವವನಿಗೆ ಮೊದಲು ಬರುತ್ತದೆ, ಅದೇ ಮನೆಯಲ್ಲಿ ರಾತ್ರಿಯಿಡೀ ಉಸಿರಾಡುವವರಿಗೆ ಕೆಮ್ಮು ಹತ್ತುತ್ತದೆ. ಕಲ್ಲನ್ನು ಬೀದಿಯಲ್ಲಿಟ್ಟು, ಬ್ಲೇಡಿನ ಮೇಲೆ ನೀರು ಬಿಡುತ್ತಾ ಕತ್ತರಿಸಿ. ಬಾಯಿಗೆ ಟವೆಲ್ ಕಟ್ಟಿದರೆ ಆ ಪುಡಿ ನಿಲ್ಲುವುದಿಲ್ಲ, ಎನ್-95 ಮಾಸ್ಕ್ ಬೇಕು.

ಬಣ್ಣದವರಿಗೂ ಒಂದು ಮಾತು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎಣ್ಣೆ ಬಣ್ಣದ ಬಾಗಿಲು ಕಿಟಕಿಗಳನ್ನು ಒಣದಾಗಿ ತಿಕ್ಕಿದರೆ ಹಾರುವುದು ಸೀಸದ ಪುಡಿ ಇರಬಹುದು. ನೀರು ಹಚ್ಚಿ ತಿಕ್ಕಿ. ಹಿತ್ತಲ ಚಪ್ಪರದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅವನ್ನು ಸುತ್ತಿಗೆಯಿಂದ ಪುಡಿ ಮಾಡದೆ, ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಮನೆಯವರು ಇರುವ ಒಂದು ಕೋಣೆಯ ಬಾಗಿಲಿಗೆ ಒದ್ದೆ ಮಾಡಿದ ಹಳೆ ಸೀರೆ ಇಳಿಬಿಟ್ಟು, ಕೆಳಗಿನ ಸಂದಿಗೆ ಗೋಣಿ ತುರುಕಿ ಕೆಲಸ ಶುರು ಮಾಡುವುದಕ್ಕೆ ಐದು ನಿಮಿಷ ಸಾಕು.

ಅಡಿಗೆಮನೆ ಬಿಚ್ಚಿದ ಮೇಲೆ ಊಟದ್ದು ಹೇಗೆ? ಈ ವಿಷಯದಲ್ಲಿ ಮಾತ್ರ ನಮ್ಮ ಸೀಮೆ ಪುಣ್ಯ ಮಾಡಿದೆ. ಕಟಕ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಡಬ್ಬಿಯಲ್ಲಿ ಕಾಯುತ್ತವೆ, ಒಂದಿಷ್ಟು ಮೊಸರು ಸಿಕ್ಕರೆ ಒಲೆ ಹೊತ್ತಿಸದೆಯೇ ಊಟ. ಬಿಸಿ ಬೇಕೆನಿಸಿದರೆ ಖಾನಾವಳಿಯಿಂದ ಡಬ್ಬಿ. ಮನೆಯವರು ಇದನ್ನು ಹೇಗೋ ಸಂಭಾಳಿಸುತ್ತಾರೆ. ಅವರ ಸಂಕಟ ನಿಮ್ಮ ಚಹಾ. ಕೆಲಸದವರಿಗೆ ದಿನಕ್ಕೆರಡು ಸಲ ಚಹಾ ಕೊಡದಿದ್ದರೆ ಮರ್ಯಾದೆಯಲ್ಲ ಎಂದು ಬೆಳೆದ ಹಿರಿಯ ಜೀವ, ಒಡೆದ ಕಟ್ಟೆಯ ನಡುವೆ ಗ್ಯಾಸ್ ಒಲೆ ಇಟ್ಟು, ಮೆಷಿನ್ನಿನ ಕಿಡಿ ಹಾರುವ ಕಡೆಯೇ ಹಾಲು ಕಾಯಿಸಲು ನಿಲ್ಲುತ್ತದೆ. ಅಡಿಗೆಮನೆಯ ಕೆಲಸವಿರುವಷ್ಟು ದಿನ ಚಹಾ ಹೋಟೆಲಿನದು ಎಂದು ನೀವೇ ಮೊದಲು ಹೇಳಿಬಿಡಿ. ರೊಕ್ಕ ಅವರೇ ಕೊಡುತ್ತಾರೆ, ತರುವವರು ನೀವಾಗಿ. ಸಿಲಿಂಡರಿಗೆ ಆ ದಿನಗಳಲ್ಲಿ ಹಿತ್ತಲೇ ಜಾಗ.

ಶೌಚಾಲಯದ ವಿಷಯಕ್ಕೆ ಹೆಚ್ಚು ಮಾತು ಬೇಡ. ಹೊಸದು ಬಳಕೆಗೆ ಬರುವವರೆಗೆ ಹಳೆಯದನ್ನು ಒಡೆಯಬೇಡಿ. ಒಂದೇ ಜಾಗದಲ್ಲಿ ಆಗಬೇಕಾದರೆ ನೆರೆಮನೆಯವರ ಬಳಿ ಮೊದಲೇ ಮಾತಾಡಿ, ಅವರು ಒಪ್ಪಿದ ಮೇಲೆ ಹಾರೆ ಎತ್ತಿ. ನಿಮ್ಮ ಜೊತೆ ಬಂದ ಹೆಣ್ಣುಮಕ್ಕಳಿಗೂ ಇಡೀ ದಿನ ಅದೇ ತೊಂದರೆ, ಅವರು ಅದನ್ನು ನಿಮ್ಮ ಮುಂದೆ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ತಂಡದಲ್ಲಿ ಒಬ್ಬಳಾದರೂ ಹೆಣ್ಣುಮಗಳಿದ್ದರೆ ಒಂಟಿ ಹೆಂಗಸಿಗೆ ಎಷ್ಟು ಧೈರ್ಯ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಆಳು ಬರುವ ದಿನ ಅವನ ಹೆಸರು ಹೇಳಿ ಪರಿಚಯ ಮಾಡಿಸುವುದು ಮೇಸ್ತ್ರಿಯ ಕೆಲಸ. ಅಪರಿಚಿತ ಗಂಡಸು ಸೀದಾ ನಡುಮನೆಗೆ ನಡೆದು ಬಂದಾಗ ಇವನು ಯಾರ ಕಡೆಯವನು ಎಂದು ಆಕೆ ಊಹಿಸುತ್ತಾ ಕೂರಬಾರದು.

ಕರೆಂಟಿನವರು ಗೋಡೆ ಕೊರೆಯುವ ದಿನ ಮೇನ್ ಬಂದ್ ಮಾಡುವುದು ಸರಿ. ಸಂಜೆ ಅದನ್ನು ಹಾಗೇ ಬಿಟ್ಟು ಹೋಗುವುದು ಸರಿಯಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸಿದ ಒಂದು ಚಿಕ್ಕ ಬೋರ್ಡನ್ನು ತಾತ್ಕಾಲಿಕವಾಗಿ ಇರುವ ಕೋಣೆಗೆ ಎಳೆದುಕೊಡಿ. ನೆಲ ಒದ್ದೆ, ವೈರು ಬತ್ತಲೆ, ಕತ್ತಲೆಯಲ್ಲಿ ತಡಕಾಡುವ ಕೈ, ಈ ಮೂರೂ ಕೂಡುವ ಮನೆಯದು. ಹಳೆಯ ಮಾಳಿಗೆ ಬಿಚ್ಚಿದಾಗ ಜಂತಿಯ ಸಂದಿನ ಚೇಳುಗಳೂ ಮನೆ ಬದಲಿಸುತ್ತವೆ, ಹಾಸಿಗೆ ನೆಲದ ಮೇಲಿದ್ದರೆ ಒಂದು ಮಂಚ ಎತ್ತಿ ಇಟ್ಟುಕೊಡಿ. ನೆಲ ಅಗೆಯುವಾಗ ಕಾಳು ತುಂಬಿಡುತ್ತಿದ್ದ ಹಳೆಯ ಹಗೇವು ಸಿಕ್ಕರೆ ಒಳಗೆ ಇಳಿಯಬೇಡಿ, ಮುಚ್ಚಿದ್ದ ಹಗೇವಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಸಂಜೆ ಅದರ ಬಾಯಿಗೆ ಹಲಗೆ ಹಾಕದೆ ಹೋಗಲೂಬೇಡಿ. ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಮೂರು ನಂಬರು ಬರೆದಿರಲಿ: ಮೇಸ್ತ್ರಿಯದು, ತುರ್ತಿಗೆ 112, ಹಿರಿಯರ ಸಹಾಯವಾಣಿ 14567.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಈ ಜಿಲ್ಲೆ ಉಸಿರು ಬಿಗಿಹಿಡಿದು ಕೂತಿತ್ತು. ಆಣೆಕಟ್ಟು ಖಾಲಿಯಾಗಲಿ, ಆಮೇಲೆ ಸರಿ ಮಾಡೋಣ ಎಂದಿದ್ದರೆ ಗಂಗಾವತಿಯ ಭತ್ತದ ಕಥೆ ಮುಗಿದಂತೆ. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಯನ್ನು ತುಂಡುತುಂಡಾಗಿ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿತು. ಬಳಕೆಯಲ್ಲಿರುವುದನ್ನು ಬಳಕೆ ನಿಲ್ಲಿಸದೆ ರಿಪೇರಿ ಮಾಡುವುದು ಬೇರೆಯದೇ ವಿದ್ಯೆ, ಅದಕ್ಕೆ ಸರದಿ ಬೇಕು ಎಂಬುದು ಮುನಿರಾಬಾದಿನ ದಂಡೆಯಲ್ಲಿ ನಿಂತು ನೋಡಿದ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ರೊಕ್ಕದ ವಿಚಾರದಲ್ಲಿ ಇಬ್ಬರದೂ ಹೆದರಿಕೆ ಒಂದೇ. ಒಂಟಿಯಾಗಿರುವವರು ಮುಂಗಡ ಕೊಟ್ಟರೆ ಇವರು ಬರುವುದಿಲ್ಲವೇನೋ ಎಂದು ಹೆದರುತ್ತಾರೆ. ಕೆಲಸ ಮುಗಿದ ಮೇಲೆ ಮಗ ಬರಲಿ, ನೋಡಲಿ, ಆಮೇಲೆ ಕೊಡುತ್ತೇವೆ ಎಂದಾರೇನೋ ಎಂದು ನೀವು ಹೆದರುತ್ತೀರಿ. ಅಂಕಣದ ಲೆಕ್ಕ ಇಲ್ಲೂ ನೆರವಿಗೆ ಬರುತ್ತದೆ. ಒಂದು ಅಂಕಣ ಮುಗಿದು ಬಾಗಿಲು ಕೂಡಿತೆಂದರೆ ಅದರ ಹಣ ಆ ಸಂಜೆಯೇ ಚುಕ್ತಾ. ಒಂದೇ ಹಾಳೆಯ ಮೇಲೆ ಬರೆಯಿರಿ: ಯಾವ ಅಂಕಣ ಮೊದಲು, ಅದಕ್ಕೆ ಎಷ್ಟು, ನೀರು ಹೊಡೆಯುವವರು ಯಾರು, ಒಡೆದ ಮಣ್ಣು ಎಲ್ಲಿಗೆ, ಹಳೆಯ ತೊಲೆ ಬಾಗಿಲು ಯಾರಿಗೆ. ಈ ಕೊನೆಯದನ್ನು ಮರೆಯಬೇಡಿ. ಕೆತ್ತನೆಯ ಹಳೆ ಬಾಗಿಲಿಗೆ ಈಗ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ, ಜಗಳಗಳೂ ಅಲ್ಲಿಂದಲೇ ಹುಟ್ಟುತ್ತವೆ. ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಕೇಳುತ್ತಾರಲ್ಲ, ತಾರೀಕು ಬರೆದ ಇಂಥ ಹಾಳೆ ನಿಮ್ಮ ಕೈಯಲ್ಲೂ ಇರುವುದು ಒಳ್ಳೆಯದು.

ಉಳಿದದ್ದು ಹಂಗಾಮು. ಸೆಪ್ಟೆಂಬರ್ ಈ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿ ಬೀಳುವ ತಿಂಗಳು, ಆಗ ಮಾಳಿಗೆ ಬಿಚ್ಚುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗಾರೆ ಕೈಯಲ್ಲೇ ಒಣಗುತ್ತದೆ, ಮನೆಯೊಳಗಿನವರೂ ಒಣಗುತ್ತಾರೆ. ಡಿಸೆಂಬರಿನಿಂದ ಫೆಬ್ರುವರಿ ಹದವಾದ ಕಾಲ. ಆದರೆ ನಡುವೆ ಜನವರಿಯಲ್ಲಿ ಗವಿಮಠದ ಜಾತ್ರೆ ಬರುತ್ತದೆ, ತೇರು ಎಳೆಯುವ ಹೊತ್ತಿಗೆ ಕೊಪ್ಪಳದಲ್ಲಿ ಕರಣಿ ಹಿಡಿಯುವವರು ಸಿಗುವುದಿಲ್ಲ. ಸಿಗಬೇಕೆಂದು ಕೇಳುವುದೂ ತಪ್ಪು. ಮೊಹರಂಗೆ, ಉಗಾದಿಗೆ, ಊರದೇವರ ಜಾತ್ರೆಗೆ ಹೋಗುವುದು ನಿಮ್ಮ ಹಕ್ಕು. ಹೋಗುವ ತಾರೀಕು ವಾರ ಮೊದಲೇ ಹೇಳಿ, ಆ ವಾರ ಹೊಸದೇನನ್ನೂ ಒಡೆಯಬೇಡಿ. ಹೊರಡುವ ಸಂಜೆ ಉಸುಕಿನ ರಾಶಿಯನ್ನು ಬಾಗಿಲಿನಿಂದ ಆಚೆ ಎಳೆದು, ಏಣಿಯನ್ನು ಅಡ್ಡ ಮಲಗಿಸಿ, ಬಚ್ಚಲ ಬಾಗಿಲಿಗೆ ಚಿಲಕ ಬೀಳುತ್ತದೋ ಇಲ್ಲವೋ ಎಂದು ಒಮ್ಮೆ ಹಾಕಿ ನೋಡಿ. ಬರುವಾಗ ಪ್ರಸಾದದಲ್ಲಿ ಮನೆಯವರ ಪಾಲೂ ತನ್ನಿ.

ಇತಿ,
ನಾಲ್ಕೂ ಊರಿನ ಒಂಟಿ ಮನೆಗಳ ಪರವಾಗಿ